ಸೋಂಕಿನ ಜಾಡು ಹಿಡಿಯುವುದು ಹೇಗೆ? ಎಪಿಡೆಮಿಯಾಲಜಿಯನ್ನು ಮೊದಲಿನಿಂದ ಕಲಿಯೋಣ

ಒಂದೇ ಜಾಗದಲ್ಲಿ ದಿಢೀರನೆ ನಲವತ್ತು ಜನರಿಗೆ ವಾಂತಿ-ಭೇದಿ ಶುರುವಾಯಿತು ಅಂದುಕೊಳ್ಳಿ. ವೈದ್ಯರು ಒಬ್ಬೊಬ್ಬರನ್ನೇ ನೋಡಿ ಚಿಕಿತ್ಸೆ ಕೊಡುತ್ತಾರೆ. ಆದರೆ ನಲವತ್ತೊಂದನೆಯವರು ಹಾಸಿಗೆ ಹಿಡಿಯದಂತೆ ತಡೆಯುವುದು ಹೇಗೆ? ಅದಕ್ಕೆ ಬೇರೆ ಪ್ರಶ್ನೆಗಳು ಬೇಕು. ಕಾಯಿಲೆ ಯಾರಿಗೆ ಬಂತು? ಎಲ್ಲಿ, ಯಾವಾಗ ಬಂತು? ಅದೇ ಜಾಗದಲ್ಲಿದ್ದ ಉಳಿದವರಿಗೆ ಯಾಕೆ ಬರಲಿಲ್ಲ? ಈ ಪ್ರಶ್ನೆಗಳಿಗೆ ಲೆಕ್ಕ ಹಾಕಿ ಉತ್ತರ ಹುಡುಕುವ ವಿದ್ಯೆಯೇ ಎಪಿಡೆಮಿಯಾಲಜಿ.

ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಯಿಲೆ ಬಿದ್ದವರ ಕಡೆಗೆ ಎಲ್ಲರ ಕಣ್ಣೂ ಹೋಗುತ್ತದೆ. ಬೀಳದವರನ್ನು ಯಾರೂ ಕೇಳುವುದಿಲ್ಲ. ಅರ್ಧ ಉತ್ತರ ಅವರ ಬಳಿಯೇ ಇರುತ್ತದೆ. ಮುಂದೆ ಬರುವ ಪ್ರತಿಯೊಂದು ಹೆಜ್ಜೆಯಲ್ಲೂ ಇದು ಕಾಣಿಸುತ್ತದೆ.

ಮೊದಲು ದಾರಿಗಳನ್ನು ತಿಳಿದುಕೊಳ್ಳಿ

ರೋಗಾಣು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಕೆಲವು ಸಂಗತಿಗಳು ಒಂದಾದ ಮೇಲೊಂದು ನಡೆಯಲೇಬೇಕು. ಅದಕ್ಕೆ ಬದುಕಿ ಬೆಳೆಯಲು ಒಂದು ನೆಲೆ ಬೇಕು. ಅದು ಮನುಷ್ಯನ ದೇಹ ಇರಬಹುದು, ಪ್ರಾಣಿ, ಮಣ್ಣು ಅಥವಾ ನೀರು ಇರಬಹುದು. ಅಲ್ಲಿಂದ ಹೊರಬೀಳಲು, ಸಾಗಲು, ಹೊಸ ದೇಹದ ಒಳಗೆ ಹೋಗಲು ದಾರಿ ಬೇಕು. ಕೊನೆಗೆ, ಆ ದೇಹದಲ್ಲಿ ರೋಗನಿರೋಧಕ ಶಕ್ತಿ ಸಾಲದಿರಬೇಕು. ಇದನ್ನು ಸೋಂಕಿನ ಸರಪಳಿ ಅನ್ನುತ್ತಾರೆ. ಎಲ್ಲ ಕೊಂಡಿಗಳನ್ನೂ ಕಳಚಬೇಕಿಲ್ಲ, ಒಂದನ್ನು ಪೂರ್ತಿ ಕಳಚಿದರೂ ಸಾಕು.

ಸಾಗುವ ದಾರಿಗಳು ರೋಗದಿಂದ ರೋಗಕ್ಕೆ ಬೇರೆ. ಕೆಲವು ರೋಗಗಳು ಮುಟ್ಟುವುದರಿಂದ, ಲೈಂಗಿಕ ಸಂಪರ್ಕದಿಂದ, ರಕ್ತದಿಂದ ಅಥವಾ ತಾಯಿಯಿಂದ ಮಗುವಿಗೆ ಬರುತ್ತವೆ. ಕೆಮ್ಮು, ಸೀನು, ಮಾತಿನ ಜೊತೆ ಹೊರಬರುವ ಹನಿಗಳಲ್ಲಿ ದೊಡ್ಡವು ಬೇಗ ಕೆಳಗೆ ಬೀಳುತ್ತವೆ, ಸಣ್ಣವು ಗಾಳಿಯಲ್ಲಿ ತೇಲುತ್ತವೆ. ದಡಾರದ ವೈರಸ್ಸಂತೂ ರೋಗಿ ಕೋಣೆಯಿಂದ ಹೊರಗೆ ಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಕಾಲರಾ, ಟೈಫಾಯಿಡ್, ಹೆಪಟೈಟಿಸ್ ಎ ಮಲದಿಂದ ಬಾಯಿಗೆ ತಲುಪುತ್ತವೆ, ನಡುವೆ ನೀರೋ ಆಹಾರವೋ ಕೈಯೋ ಇರುತ್ತದೆ. ಮಲೇರಿಯಾ, ಡೆಂಗಿಗೆ ಸೊಳ್ಳೆ ಬೇಕು. ರೇಬೀಸ್ ಸಾಮಾನ್ಯವಾಗಿ ಪ್ರಾಣಿಯ ಕಡಿತದಿಂದ ಬರುತ್ತದೆ.

ದಾರಿ ತಿಳಿದರೆ ತಡೆಯುವ ಉಪಾಯವೂ ತಿಳಿಯುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ರಾತ್ರಿ ಕಚ್ಚುತ್ತದೆ, ಹಾಗಾಗಿ ಸೊಳ್ಳೆಪರದೆ ಬಹಳ ಕೆಲಸಕ್ಕೆ ಬರುತ್ತದೆ. ಡೆಂಗಿ ಹರಡುವ ಈಡಿಸ್ ಹಗಲಲ್ಲೇ ಜಾಸ್ತಿ ಕಚ್ಚುತ್ತದೆ. ರಾತ್ರಿ ಮಾತ್ರ ಪರದೆ ಕಟ್ಟಿದರೆ ಅದರಿಂದ ಪಾರಾಗುವುದು ಕಷ್ಟ. ನಿಂತ ನೀರನ್ನು ಖಾಲಿ ಮಾಡಲೇಬೇಕು.

ಹೆಜ್ಜೆ 1: ಕಾಯಿಲೆ ನಿಜವಾಗಿಯೂ ಹೆಚ್ಚಾಗಿದೆಯಾ ನೋಡಿ

ಸಂಖ್ಯೆ ಏರಿದ ತಕ್ಷಣ ರೋಗ ಹಬ್ಬಿದೆ ಅಂತ ತೀರ್ಮಾನಿಸಬೇಡಿ. ಅದೇ ಜಾಗದಲ್ಲಿ, ವರ್ಷದ ಇದೇ ಸಮಯದಲ್ಲಿ ಸಾಮಾನ್ಯವಾಗಿ ಎಷ್ಟು ಜನರಿಗೆ ಈ ಕಾಯಿಲೆ ಬರುತ್ತಿತ್ತು? ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಅದು ರೋಗಸ್ಫೋಟ. ಹೊಸ ಪರೀಕ್ಷೆ ಬಂದಿದ್ದರೆ, ಪರೀಕ್ಷೆಗಳ ಸಂಖ್ಯೆ ಏರಿದ್ದರೆ, ವರದಿ ಮಾಡುವ ನಿಯಮ ಬದಲಾಗಿದ್ದರೆ ಅಂಕಿ ತಾನಾಗಿಯೇ ಮೇಲೇರುತ್ತದೆ. ಹಾಗೆಯೇ ಸಿಡುಬು, ಪೋಲಿಯೊದಂಥ ರೋಗವಾದರೆ ಒಂದೇ ಒಂದು ಪ್ರಕರಣ ಕಂಡರೂ ತುರ್ತುಸ್ಥಿತಿ.

ಹೆಜ್ಜೆ 2: ಯಾರನ್ನು ಎಣಿಸುತ್ತೀರಿ ಅಂತ ಮೊದಲೇ ಬರೆದಿಡಿ

"ಮೈ ಹುಷಾರಿಲ್ಲ" ಅನ್ನುವವರನ್ನೆಲ್ಲ ಎಣಿಸಿದರೆ ಲೆಕ್ಕ ಕೆಡುತ್ತದೆ. ಇಂಥ ದಿನದಿಂದ ಇಂಥ ದಿನದೊಳಗೆ, ಇಂಥ ಜಾಗದಲ್ಲಿದ್ದವರು, 24 ಗಂಟೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಭೇದಿಯಾದವರು ಅಂತ ಖಚಿತವಾಗಿ ಬರೆಯಿರಿ. ಲಕ್ಷಣ ಮಾತ್ರ ಇದ್ದವರು ಶಂಕಿತರು. ಲಕ್ಷಣದ ಜೊತೆ ಇನ್ನೊಬ್ಬ ರೋಗಿಯ ಸಂಪರ್ಕವೂ ಇದ್ದರೆ ಸಂಭವನೀಯರು. ಪ್ರಯೋಗಾಲಯದಲ್ಲಿ ಪತ್ತೆಯಾದರೆ ಖಚಿತ ಪ್ರಕರಣ. ಶುರುವಿನಲ್ಲಿ ಬಲೆ ಅಗಲವಾಗಿರಲಿ, ವಿಷಯ ತಿಳಿಯಾದಂತೆ ಬಿಗಿ ಮಾಡಬಹುದು. ಆದರೆ ಗುಮಾನಿ ಇರುವ ಆಹಾರವನ್ನೋ ನೀರನ್ನೋ ಈ ವ್ಯಾಖ್ಯೆಯೊಳಗೆ ಸೇರಿಸಲೇಬೇಡಿ. "ಆ ಬಾವಿಯ ನೀರು ಕುಡಿದು ಭೇದಿಯಾದವರು" ಅಂತ ಬರೆದರೆ ಬಾವಿಯೇ ತಪ್ಪಿತಸ್ಥ ಅಂತ ಮೊದಲೇ ತೀರ್ಪು ಕೊಟ್ಟಂತಾಯಿತು, ಅಲ್ವಾ?

ಹೆಜ್ಜೆ 3: ಲೈನ್ ಲಿಸ್ಟ್ ಮಾಡಿ

ಒಬ್ಬ ರೋಗಿಗೆ ಒಂದು ಸಾಲು. ವಯಸ್ಸು, ಲಿಂಗ, ವಾಸ, ಕೆಲಸ, ಲಕ್ಷಣಗಳು, ಲಕ್ಷಣ ಶುರುವಾದ ದಿನ ಮತ್ತು ಸಮಯ, ಪರೀಕ್ಷೆಯ ಫಲಿತಾಂಶ, ಎಲ್ಲಿಗೆ ಹೋಗಿದ್ದರು, ಏನು ತಿಂದರು. ಆಸ್ಪತ್ರೆಗೆ ಬಂದ ದಿನವನ್ನು ಶುರುವಾದ ದಿನ ಅಂತ ಬರೆಯುವುದು ಎಲ್ಲ ಕಡೆ ಆಗುವ ತಪ್ಪು. ಜನ ಎರಡು ಮೂರು ದಿನ ತಡೆದುಕೊಂಡು ಆಮೇಲೆ ಬರುತ್ತಾರೆ. ಈ ಒಂದು ಕಾಲಂ ತಪ್ಪಿದರೆ ಮುಂದಿನ ಹೆಜ್ಜೆಯೂ ತಪ್ಪುತ್ತದೆ.

ಹೆಜ್ಜೆ 4: ಕಾಲದ ಚಿತ್ರ ಬರೆಯಿರಿ

ಅಡ್ಡಗೆರೆಯಲ್ಲಿ ದಿನ ಅಥವಾ ಗಂಟೆ, ಉದ್ದಗೆರೆಯಲ್ಲಿ ಹೊಸ ರೋಗಿಗಳ ಸಂಖ್ಯೆ. ಇದಕ್ಕೆ ಎಪಿ ಕರ್ವ್ ಅನ್ನುತ್ತಾರೆ. ಪ್ರಯೋಗಾಲಯದ ವರದಿ ಬರುವ ಮೊದಲೇ ಇದು ಬಹಳಷ್ಟು ಹೇಳಿಬಿಡುತ್ತದೆ.

ಥಟ್ಟನೆ ಏರಿ, ಒಂದೇ ಶಿಖರ ಮುಟ್ಟಿ, ನಿಧಾನಕ್ಕೆ ಇಳಿದರೆ ಎಲ್ಲರಿಗೂ ಸೋಂಕು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಒಂದೇ ಮೂಲದಿಂದ ತಗುಲಿದೆ. ಒಂದು ಊಟದ ಪಂಕ್ತಿ ಇದಕ್ಕೆ ಸರಿಯಾದ ಉದಾಹರಣೆ. ಏರಿದ ಗೆರೆ ವಾರಗಟ್ಟಲೆ ಹಾಗೇ ನಿಂತಿದ್ದರೆ ಮೂಲ ಇನ್ನೂ ಸೋಂಕು ಹರಡುತ್ತಲೇ ಇದೆ, ಕೊಳಚೆ ಸೇರುತ್ತಿರುವ ಕುಡಿಯುವ ನೀರಿನ ಪೈಪ್‌ನಲ್ಲಿ ಆಗುವಂತೆ. ಒಂದರ ಹಿಂದೊಂದು ಅಲೆ ಬಂದು, ಪ್ರತಿ ಅಲೆಯೂ ಹಿಂದಿನದಕ್ಕಿಂತ ಎತ್ತರವಾಗಿದ್ದರೆ ಅದು ಮನುಷ್ಯರಿಂದ ಮನುಷ್ಯರಿಗೆ ದಾಟುತ್ತಿದೆ.

ಈಗ ಇನ್‌ಕ್ಯುಬೇಶನ್ ಅವಧಿ ಕೆಲಸಕ್ಕೆ ಬರುತ್ತದೆ. ಸೋಂಕು ತಗುಲಿದ ಕ್ಷಣದಿಂದ ಲಕ್ಷಣ ಕಾಣುವವರೆಗಿನ ಕಾಲ ಅದು. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಸೇರಿದ ಆಹಾರ ತಿಂದರೆ ಅರ್ಧ ಗಂಟೆಯಿಂದ 8 ಗಂಟೆ. ಕಾಲರಾಗೆ ಕೆಲವು ಗಂಟೆಗಳಿಂದ 5 ದಿನ. ಫ್ಲೂಗೆ 1ರಿಂದ 4 ದಿನ. ಎಬೋಲಾಗೆ 2ರಿಂದ 21 ದಿನ. ಹೆಪಟೈಟಿಸ್ ಎಗೆ 15ರಿಂದ 50 ದಿನ, ಸರಾಸರಿ 28. ರೇಬೀಸ್ ಸಾಮಾನ್ಯವಾಗಿ 2-3 ತಿಂಗಳು ತೆಗೆದುಕೊಳ್ಳುತ್ತದೆ. ಹೆಪಟೈಟಿಸ್ ಎ ಒಂದೇ ಮೂಲದಿಂದ ಬಂದಿದ್ದರೆ ಎಪಿ ಕರ್ವ್‌ನ ಶಿಖರದಿಂದ 28 ದಿನ ಹಿಂದಕ್ಕೆ ಎಣಿಸಿ. ಮೊದಲ ರೋಗಿಯಿಂದ 15 ದಿನ, ಕೊನೆಯ ರೋಗಿಯಿಂದ 50 ದಿನ ಹಿಂದಕ್ಕೆ ಹೋಗಿ. ಈ ದಿನಾಂಕಗಳು ಎಲ್ಲಿ ಒಟ್ಟಿಗೆ ಬರುತ್ತವೋ ಆ ದಿನಗಳಲ್ಲಿ ಏನು ನಡೆಯಿತು ಅಂತ ಜನರನ್ನು ಕೇಳಿ. "ನಿನ್ನೆ ಏನು ತಿಂದಿರಿ" ಅಂತ ಕೇಳುವುದು ಇಲ್ಲಿ ವ್ಯರ್ಥ. ಕೇಳಬೇಕಾದ್ದು ತಿಂಗಳ ಹಿಂದಿನ ಮಾತು.

ಇನ್ನೊಂದು ಕಾಲವೂ ಇದೆ. ಅದು ರೋಗಿ ಇತರರಿಗೆ ಸೋಂಕು ದಾಟಿಸಬಲ್ಲ ಕಾಲ. ಇದು ಲಕ್ಷಣಗಳಿಗಿಂತ ಮೊದಲೇ ಶುರುವಾಗಬಹುದು. ದಡಾರದಲ್ಲಿ ಮೈಮೇಲೆ ದದ್ದು ಏಳುವ 4 ದಿನ ಮೊದಲೇ ಶುರುವಾಗಿ ಎದ್ದ 4 ದಿನಗಳವರೆಗೂ ಇರುತ್ತದೆ. ಸಾರ್ಸ್ ಎಂಬ ತೀವ್ರ ಉಸಿರಾಟದ ಕಾಯಿಲೆಯಲ್ಲಿ ರೋಗಿಗಳು ಲಕ್ಷಣ ಕಂಡ ಮೇಲೆ, ಕಾಯಿಲೆ ಜೋರಾದಾಗಲೇ ಹೆಚ್ಚು ಹರಡುತ್ತಿದ್ದರು. 2003ರಲ್ಲಿ ರೋಗಿಗಳನ್ನು ಹುಡುಕಿ ಪ್ರತ್ಯೇಕವಾಗಿಟ್ಟು ಅದನ್ನು ನಿಲ್ಲಿಸಲು ಆದದ್ದಕ್ಕೆ ಇದು ಮುಖ್ಯ ಕಾರಣ. ಕೋವಿಡ್ ಲಕ್ಷಣಕ್ಕೂ ಮೊದಲೇ ದಾಟುತ್ತಿತ್ತು, ಆದ್ದರಿಂದ ಅದೇ ಉಪಾಯ ಸಾಲಲಿಲ್ಲ.

ಲಕ್ಷಣ ಬಾರದೆಯೇ ಹರಡುವವರೂ ಇರುತ್ತಾರೆ. ನ್ಯೂಯಾರ್ಕ್‌ನ ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಆರೋಗ್ಯವಾಗಿಯೇ ಇದ್ದರು. 1907ರಲ್ಲಿ ಪರೀಕ್ಷಿಸಿದಾಗ ಅವರ ದೇಹದಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯಾ ಇರುವುದು ಗೊತ್ತಾಯಿತು. ಅವರು ಅಡುಗೆ ಮಾಡಿದ ಒಂದಾದ ಮೇಲೊಂದು ಮನೆಯಲ್ಲಿ ಜನ ಟೈಫಾಯಿಡ್‌ನಿಂದ ಮಲಗಿದ್ದರು. ಕಾಯಿಲೆ ಬೀಳದವರನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳದೆ ಇಂಥ ಮೂಲ ಸಿಗುವುದೇ ಇಲ್ಲ.

ಹೆಜ್ಜೆ 5: ನಕ್ಷೆ ಬಿಡಿಸಿ, ಖಾಲಿ ಜಾಗಗಳನ್ನು ನೋಡಿ

1854ರ ಆಗಸ್ಟ್ ಕೊನೆಯಲ್ಲಿ ಲಂಡನ್‌ನ ಸೋಹೊದಲ್ಲಿ ಕಾಲರಾ ಸಿಡಿಯಿತು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಗುಮಾನಿ. ಸತ್ತವರ ಮನೆಗಳನ್ನು ಗುರುತು ಹಾಕುತ್ತಾ ಹೋದಾಗ ಸಾವುಗಳು ಬ್ರಾಡ್ ಸ್ಟ್ರೀಟ್‌ನ ಒಂದು ಪಂಪ್‌ನ ಸುತ್ತ ಗುಂಪಾಗಿದ್ದವು.

ಈ ಕಥೆಯನ್ನು ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಅಲ್ಲಿನ ಗಾಳಿಯೂ ಕೆಟ್ಟಿದ್ದಿರಬಹುದಲ್ಲ? ಸ್ನೋ ಅವರ ಜಾಣ್ಮೆ ಇರುವುದು ಮುಂದಿನ ಕೆಲಸದಲ್ಲಿ. ಪಂಪ್‌ನ ಪಕ್ಕದಲ್ಲೇ ಒಂದು ಬಿಯರ್ ಕಾರ್ಖಾನೆ ಇತ್ತು. ಅಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ದರು, ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಕಾರ್ಖಾನೆಗೆ ಸ್ವಂತ ಬಾವಿಯೂ ಇತ್ತು. ಹತ್ತಿರದ ಬಡವರ ಆಶ್ರಯಮನೆಯಲ್ಲಿ 535 ಜನರಿದ್ದರು, ಸತ್ತವರು 5 ಮಂದಿ. ಅಲ್ಲಿಗೂ ಬೇರೆ ನೀರಿತ್ತು. ಗಾಳಿ ಎಲ್ಲರಿಗೂ ಒಂದೇ, ನೀರು ಮಾತ್ರ ಬೇರೆ. ಇನ್ನೊಂದು ಕಡೆ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡರು. ಅವರ ಸುತ್ತಮುತ್ತ ಕಾಲರಾ ಇರಲೇ ಇಲ್ಲ. ವಿಚಾರಿಸಿದಾಗ, ಬ್ರಾಡ್ ಸ್ಟ್ರೀಟ್ ನೀರಿನ ರುಚಿ ಇಷ್ಟವೆಂದು ಅವರು ಅದನ್ನು ತರಿಸಿಕೊಂಡು ಕುಡಿಯುತ್ತಿದ್ದರು ಅಂತ ತಿಳಿಯಿತು.

ಹತ್ತಿರವಿದ್ದೂ ಬದುಕಿದವರು, ದೂರವಿದ್ದೂ ಸತ್ತವರು. ನಿಮ್ಮ ನಕ್ಷೆಯಲ್ಲೂ ಮೊದಲು ಇವರನ್ನೇ ಹುಡುಕಿ.

ಸೆಪ್ಟೆಂಬರ್ 8ರಂದು ಪಂಪ್‌ನ ಹಿಡಿಕೆ ತೆಗೆಸಲಾಯಿತು. ಅಷ್ಟರಲ್ಲಿ ಬಹಳ ಜನ ಊರು ಬಿಟ್ಟಿದ್ದರು, ಸಾವುಗಳೂ ಇಳಿಮುಖವಾಗಿದ್ದವು. ಇದನ್ನು ಸ್ನೋ ಅವರೇ ಒಪ್ಪಿಕೊಂಡು ಬರೆದಿದ್ದಾರೆ. ಈ ಪ್ರಾಮಾಣಿಕತೆ ನನಗೆ ನಕ್ಷೆಯಷ್ಟೇ ಮುಖ್ಯ ಅನಿಸುತ್ತದೆ. ಕ್ರಮ ಕೈಗೊಂಡ ಮೇಲೆ ರೋಗ ಇಳಿದರೆ, ಅದು ಕ್ರಮದಿಂದಲೇ ಇಳಿಯಿತು ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ.

ಹೆಜ್ಜೆ 6: ಛೇದವಿಲ್ಲದ ಅಂಕಿ ನಂಬಬೇಡಿ

ಒಂದು ಕಡೆ 100 ರೋಗಿಗಳು, ಇನ್ನೊಂದು ಕಡೆ 20. ಎಲ್ಲಿ ಅಪಾಯ ಜಾಸ್ತಿ? ಎಷ್ಟು ಜನರಲ್ಲಿ 100, ಎಷ್ಟು ಜನರಲ್ಲಿ 20 ಅಂತ ಗೊತ್ತಾಗದೆ ಹೇಳಲು ಬರುವುದಿಲ್ಲ. ಅಪಾಯಕ್ಕೆ ಒಡ್ಡಿಕೊಂಡ ಒಟ್ಟು ಜನರಲ್ಲಿ ಕಾಯಿಲೆ ಬಿದ್ದವರ ಪಾಲೇ ಅಟ್ಯಾಕ್ ರೇಟ್.

ಅದೇ 1854ರಲ್ಲಿ ಸ್ನೋ ಇನ್ನೂ ದೊಡ್ಡ ಲೆಕ್ಕ ಮಾಡಿದರು. ದಕ್ಷಿಣ ಲಂಡನ್‌ನ ಕೆಲವು ಬೀದಿಗಳಲ್ಲಿ ಎರಡು ಕಂಪನಿಗಳ ನೀರು ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ಥೇಮ್ಸ್ ನದಿಯ ಮೇಲ್ಭಾಗಕ್ಕೆ ಹೋಗಿ, ಲಂಡನ್‌ನ ಕೊಳಚೆ ಸೇರುವ ಮೊದಲೇ ನೀರೆತ್ತಲು ಶುರುಮಾಡಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಕೊಳಚೆ ಸೇರಿದ ಕೆಳಭಾಗದಿಂದಲೇ ಎತ್ತುತ್ತಿತ್ತು. ಕೆಳಭಾಗದ ನೀರಿನ 40,046 ಮನೆಗಳಲ್ಲಿ 1,263 ಸಾವು. ಮೇಲ್ಭಾಗದ ನೀರಿನ 26,107 ಮನೆಗಳಲ್ಲಿ 98 ಸಾವು. ಅಂದರೆ ಪ್ರತಿ 10,000 ಮನೆಗೆ ಒಂದು ಕಡೆ 315, ಇನ್ನೊಂದು ಕಡೆ 37. ಕಾಲರಾ ಬ್ಯಾಕ್ಟೀರಿಯಾ ಯಾವುದೆಂದು ವೈದ್ಯಲೋಕ ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷಗಳು ಬೇಕಾಗಿದ್ದವು.

ಹೆಜ್ಜೆ 7: ಹೋಲಿಸಿ ನೋಡಿ

ಇಡೀ ಕೆಲಸದ ತಿರುಳು ಇಲ್ಲಿದೆ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಕೌಂಟಿಯಲ್ಲಿ ಚರ್ಚ್‌ನ ಊಟವೊಂದು ನಡೆಯಿತು. ಊಟ ಮಾಡಿದವರಲ್ಲಿ 75 ಜನರನ್ನು ತನಿಖೆಯವರು ಮಾತಾಡಿಸಿದರು. 46 ಮಂದಿಗೆ ಹೊಟ್ಟೆ ಕೆಟ್ಟಿತ್ತು. ಎಪಿಡೆಮಿಯಾಲಜಿ ಕಲಿಯುವವರು ಇವತ್ತಿಗೂ ಈ ಲೆಕ್ಕ ಬಿಡಿಸುತ್ತಾರೆ.

ಕಾಯಿಲೆ ಬಿದ್ದ 46 ಮಂದಿಯಲ್ಲಿ 29 ಜನ ಹ್ಯಾಮ್ ಎಂಬ ಹಂದಿಮಾಂಸ ತಿಂದಿದ್ದರು. ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಇವರನ್ನಷ್ಟೇ ನೋಡಿದರೆ ಮಾಂಸವೇ ಕಾರಣ ಅನಿಸುತ್ತದೆ. ಈಗ ಎಲ್ಲರನ್ನೂ ಲೆಕ್ಕಕ್ಕೆ ತನ್ನಿ. ಹ್ಯಾಮ್ ತಿಂದವರು 46, ಅವರಲ್ಲಿ 29 ಮಂದಿ, ಅಂದರೆ ಶೇ. 63ರಷ್ಟು ಜನ ಕಾಯಿಲೆ ಬಿದ್ದರು. ತಿನ್ನದವರು 29, ಅವರಲ್ಲಿ 17 ಮಂದಿ, ಅಂದರೆ ಶೇ. 59. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹ್ಯಾಮ್ ಮೇಲಿನ ಗುಮಾನಿ ಹೋಯಿತು.

ವೆನಿಲ್ಲಾ ಐಸ್‌ಕ್ರೀಂ ನೋಡಿ. ತಿಂದವರು 54, ಕಾಯಿಲೆ ಬಿದ್ದವರು 43. ಸುಮಾರು ಶೇ. 80. ತಿನ್ನದವರು 21, ಕಾಯಿಲೆ ಬಿದ್ದವರು ಬರೀ 3. ಶೇ. 14. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 5.6 ಬರುತ್ತದೆ. ವೆನಿಲ್ಲಾ ತಿಂದವರಿಗೆ ಅಪಾಯ ಐದೂವರೆ ಪಟ್ಟಿಗಿಂತ ಹೆಚ್ಚು. ಇದನ್ನು ಸಾಪೇಕ್ಷ ಅಪಾಯ ಅನ್ನುತ್ತಾರೆ. 1 ಬಂದರೆ ವ್ಯತ್ಯಾಸವಿಲ್ಲ. 1ಕ್ಕಿಂತ ಬಹಳ ಹೆಚ್ಚಿದ್ದರೆ ಗುಮಾನಿ ಗಟ್ಟಿ.

ಚಾಕೊಲೇಟ್ ಐಸ್‌ಕ್ರೀಂನಲ್ಲಿ ಉಲ್ಟಾ ಕಾಣುತ್ತದೆ. ತಿಂದ 47 ಜನರಲ್ಲಿ 25 ಮಂದಿ, ತಿನ್ನದ 27 ಜನರಲ್ಲಿ 20 ಮಂದಿ ಕಾಯಿಲೆ ಬಿದ್ದರು (ಒಬ್ಬರ ಉತ್ತರ ದಾಖಲಾಗಿಲ್ಲ). ಹಾಗಾದರೆ ಚಾಕೊಲೇಟ್ ರಕ್ಷಣೆ ಕೊಟ್ಟಿತಾ? ಇಲ್ಲ. ಚಾಕೊಲೇಟ್ ತೆಗೆದುಕೊಂಡ ಹಲವರು ವೆನಿಲ್ಲಾ ಬಿಟ್ಟಿದ್ದರು, ಅಷ್ಟೇ. ಒಂದು ಅಂಶದ ನೆರಳು ಇನ್ನೊಂದರ ಮೇಲೆ ಬಿದ್ದು ಹೀಗೆ ದಾರಿ ತಪ್ಪಿಸುತ್ತದೆ. ಆರೋಗ್ಯದ ಸುದ್ದಿಗಳಲ್ಲಿ "ಇದನ್ನು ತಿಂದವರಿಗೆ ಆ ರೋಗ ಕಡಿಮೆ" ಅಂತ ಓದಿದಾಗಲೆಲ್ಲ ಈ ಚಾಕೊಲೇಟ್ ನೆನಪಿಸಿಕೊಳ್ಳಿ.

ವೆನಿಲ್ಲಾ ತಿನ್ನದೆಯೂ ಕಾಯಿಲೆ ಬಿದ್ದ ಆ 3 ಜನ? ಅವರನ್ನು ಪಟ್ಟಿಯಿಂದ ತೆಗೆಯಬೇಡಿ. ತಿಂದದ್ದು ಮರೆತಿರಬಹುದು, ಒಂದೇ ಚಮಚ ಎರಡಕ್ಕೂ ಬಳಸಿರಬಹುದು, ಬೇರೆ ಕಾರಣದಿಂದ ಹೊಟ್ಟೆ ಕೆಟ್ಟಿರಬಹುದು. ಹಾಗೆಯೇ ತಿಂದೂ ಚೆನ್ನಾಗಿದ್ದ 11 ಜನ. ಸ್ವಲ್ಪ ತಿಂದಿರಬಹುದು, ದೇಹ ತಾಳಿಕೊಂಡಿರಬಹುದು. ಮನುಷ್ಯರ ಲೆಕ್ಕ ನೂರಕ್ಕೆ ನೂರು ಕೂಡಿ ಬರುವುದಿಲ್ಲ.

ಕೆಲವೊಮ್ಮೆ ಒಟ್ಟು ಎಷ್ಟು ಜನ ತಿಂದರು ಅಂತ ಗೊತ್ತೇ ಆಗುವುದಿಲ್ಲ. ಆಗ ರೋಗಿಗಳನ್ನೂ ಅದೇ ಸಮುದಾಯದ, ಅದೇ ವಯಸ್ಸಿನ ಆರೋಗ್ಯವಂತರನ್ನೂ ಆರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಇದು ಕೇಸ್-ಕಂಟ್ರೋಲ್ ಅಧ್ಯಯನ.

ಹೆಜ್ಜೆ 8: ಎಷ್ಟು ವೇಗ ಅಂತ ಅಳೆಯಿರಿ

ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ಒಬ್ಬ ರೋಗಿ ಸರಾಸರಿ ಎಷ್ಟು ಜನರಿಗೆ ಸೋಂಕು ಕೊಡುತ್ತಾನೆ? ಆ ಸಂಖ್ಯೆಯೇ ಆರ್ ನಾಟ್. ದಡಾರಕ್ಕೆ ಸಾಮಾನ್ಯವಾಗಿ 12ರಿಂದ 18 ಅನ್ನುತ್ತಾರೆ. ಶುರುವಿನ ಕೋವಿಡ್‌ಗೆ 2ರಿಂದ 3. ಜನರಿಗಿರುವ ರಕ್ಷಣೆ, ಮುನ್ನೆಚ್ಚರಿಕೆ ಎಲ್ಲ ಸೇರಿ ಆ ಹೊತ್ತಿಗೆ ನಿಜವಾಗಿ ಇರುವ ಸಂಖ್ಯೆಗೆ ಬರೀ ಆರ್ ಅನ್ನುತ್ತಾರೆ. ಆರ್ 2 ಇದ್ದರೆ ಒಬ್ಬರು ಇಬ್ಬರಾಗಿ, ಇಬ್ಬರು ನಾಲ್ವರಾಗಿ, ಹತ್ತನೇ ಸುತ್ತಿನಲ್ಲಿ 1,024 ಹೊಸ ರೋಗಿಗಳು. 15 ಇದ್ದರೆ ಮೂರನೇ ಸುತ್ತಿಗೇ 3,375. ಆರ್ 0.5ಕ್ಕೆ ಇಳಿದರೆ 100 ಜನ 50 ಆಗಿ, 25 ಆಗಿ ಆರುತ್ತಾ ಹೋಗುತ್ತದೆ. 1ಕ್ಕಿಂತ ಕೆಳಗೆ ತರುವುದೇ ಗುರಿ.

ಈ ಆರ್ ರೋಗಾಣುವಿನ ಹಣೆಬರಹವಲ್ಲ. ಎಷ್ಟು ಜನರ ಸಂಪರ್ಕ, ಒಂದು ಸಂಪರ್ಕದಲ್ಲಿ ದಾಟುವ ಸಾಧ್ಯತೆ ಎಷ್ಟು, ಎಷ್ಟು ದಿನ ಹರಡುತ್ತಾರೆ, ಎದುರಿಗಿರುವವರಲ್ಲಿ ಎಷ್ಟು ಮಂದಿಗೆ ರಕ್ಷಣೆ ಇಲ್ಲ. ನಾಲ್ಕರ ಗುಣಾಕಾರ ಅದು. ಅಂತರ ಮೊದಲನೆಯದನ್ನು ತಗ್ಗಿಸುತ್ತದೆ. ಮಾಸ್ಕ್, ಕೈ ತೊಳೆಯುವುದು, ಗಾಳಿಯಾಡುವ ಕೋಣೆ ಎರಡನೆಯದನ್ನು. ಬೇಗ ಪತ್ತೆಹಚ್ಚಿ ಪ್ರತ್ಯೇಕವಾಗಿಡುವುದು ಮೂರನೆಯದನ್ನು. ಲಸಿಕೆ ನಾಲ್ಕನೆಯದನ್ನು. ಗುಣಾಕಾರವಾದ್ದರಿಂದ ಎರಡನ್ನು ಅರ್ಧರ್ಧ ಇಳಿಸಿದರೂ ಒಟ್ಟು ಕಾಲುಭಾಗಕ್ಕೆ ಬರುತ್ತದೆ.

ಎಷ್ಟು ಜನರಿಗೆ ರಕ್ಷಣೆ ಇದ್ದರೆ ಹರಡುವಿಕೆ ನಿಲ್ಲುತ್ತದೆ? 1ರಿಂದ, ಆರ್ ನಾಟ್‌ನಿಂದ ಭಾಗಿಸಿದ 1 ಅನ್ನು ಕಳೆಯಿರಿ. ಆರ್ ನಾಟ್ 15 ಆದರೆ ಸುಮಾರು ಶೇ. 93. ದಡಾರದ ಲಸಿಕೆ ಶೇ. 95 ಮಕ್ಕಳಿಗೆ ತಲುಪಬೇಕು ಅಂತ ಒತ್ತಾಯಿಸುವುದು ಇದಕ್ಕೇ. ಲಸಿಕೆ ಪಡೆಯಲಾಗದ ಎಳೆ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಬದುಕುವುದು ಸುತ್ತಲಿನವರ ರಕ್ಷಣೆಯಿಂದ. ಆದರೆ ಸರಾಸರಿ ಶೇ. 95 ಇದ್ದು, ಒಂದೇ ಬಡಾವಣೆಯಲ್ಲಿ ಲಸಿಕೆ ಇಲ್ಲದವರೆಲ್ಲ ಸೇರಿದ್ದರೆ ರೋಗ ಅಲ್ಲಿ ಹೊಕ್ಕುತ್ತದೆ.

ಹೆಜ್ಜೆ 9: ಸುದ್ದಿಯ ಅಂಕಿಗಳನ್ನು ಬಿಡಿಸಿ ಓದಿ

"ರೋಗಿಗಳಲ್ಲಿ ಶೇ. 40ರಷ್ಟು ಜನ ಲಸಿಕೆ ಹಾಕಿಸಿಕೊಂಡವರೇ!" ಇಂಥ ಸುದ್ದಿ ಓದಿದಾಗ ಭಯವಾಗುವುದು ಸಹಜ. ಲೆಕ್ಕ ಮಾಡಿ ನೋಡೋಣ. ಒಂದು ಶಾಲೆಯಲ್ಲಿ 1,000 ಮಕ್ಕಳು, ಎಲ್ಲರಿಗೂ ದಡಾರದ ಸೋಂಕು ಎದುರಾಯಿತು ಅನ್ನೋಣ. 950 ಮಕ್ಕಳು ಎರಡೂ ಡೋಸ್ ಪಡೆದಿದ್ದಾರೆ. ಎರಡು ಡೋಸ್ ಸುಮಾರು ಶೇ. 97ರಷ್ಟು ರಕ್ಷಣೆ ಕೊಡುತ್ತದೆ. ಹಾಗಾದರೆ ಅವರಲ್ಲಿ ಸುಮಾರು 28 ಮಕ್ಕಳಿಗೆ ದಡಾರ ಬರಬಹುದು. ಲಸಿಕೆ ಇಲ್ಲದ 50 ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತರಂತೆ 45 ಮಂದಿಗೆ ಬರುತ್ತದೆ. ಒಟ್ಟು 73 ರೋಗಿಗಳಲ್ಲಿ 28, ಅಂದರೆ ಶೇ. 38, ಲಸಿಕೆ ಪಡೆದವರು. ಸುದ್ದಿ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟದ್ದು ಲಸಿಕೆ ಪಡೆದು ಆರಾಮಾಗಿರುವ 922 ಮಕ್ಕಳನ್ನು.

ಸಾವಿನ ಪ್ರಮಾಣವನ್ನೂ ಹುಷಾರಾಗಿ ಓದಿ. ಶುರುವಿನಲ್ಲಿ ಸಣ್ಣ ಲಕ್ಷಣದವರು ಪರೀಕ್ಷೆಗೇ ಬರುವುದಿಲ್ಲ, ಆದ್ದರಿಂದ ರೋಗ ಇರುವುದಕ್ಕಿಂತ ಭೀಕರವಾಗಿ ಕಾಣುತ್ತದೆ. ಇನ್ನೊಂದು ಕಡೆ, ಈಗ ಆಸ್ಪತ್ರೆಯಲ್ಲಿರುವವರಲ್ಲಿ ಕೆಲವರು ಮುಂದೆ ಸಾಯಬಹುದು, ಅವರು ಇವತ್ತಿನ ಲೆಕ್ಕದಲ್ಲಿಲ್ಲ. 2003ರ ಸಾರ್ಸ್‌ನಲ್ಲಿ ಮೊದಮೊದಲ ಅಂದಾಜು ಕಡಿಮೆ ಇತ್ತು. ಎಲ್ಲ ಮುಗಿದ ಮೇಲೆ 8,096 ರೋಗಿಗಳಲ್ಲಿ 774 ಸಾವು, ಅಂದರೆ ಶೇ. 9.6 ಅಂತ ಗೊತ್ತಾಯಿತು.

ಹೆಜ್ಜೆ 10: ಪೂರ್ತಿ ಪುರಾವೆಗೆ ಕಾಯದೆ ತಡೆಯಿರಿ, ಮುಗಿಯಿತು ಅನ್ನಲು ಮಾತ್ರ ಕಾಯಿರಿ

ಒಂದು ನೀರಿನ ಮೂಲದ ಮೇಲೆ ಬಲವಾದ ಗುಮಾನಿ ಇದ್ದರೆ ಮೊದಲು ಮುಚ್ಚಿ, ಜನರಿಗೆ ಬೇರೆ ನೀರು ಕೊಡಿ. ತನಿಖೆ ಜೊತೆಜೊತೆಗೇ ನಡೆಯಲಿ. ಯಾಕೆ ಮುಚ್ಚಿದಿರಿ ಅಂತ ನೇರವಾಗಿ ಹೇಳಿ. ರೋಗಿಗಳನ್ನು ದೂಷಿಸಿದರೆ ಜನ ಲಕ್ಷಣ ಮುಚ್ಚಿಡುತ್ತಾರೆ, ಆಮೇಲೆ ನಿಮ್ಮ ಲೈನ್ ಲಿಸ್ಟ್‌ನಲ್ಲಿ ಉಳಿಯುವುದು ಅರ್ಧ ಸತ್ಯ ಮಾತ್ರ.

ಹೊಸ ರೋಗಿಗಳು ನಿಂತ ಮೇಲೆ ಇನ್‌ಕ್ಯುಬೇಶನ್ ಅವಧಿಯ ಗರಿಷ್ಠ ದಿನಗಳ ಎರಡರಷ್ಟು ಕಾಯುವುದು ವಾಡಿಕೆ. ಎಬೋಲಾಗೆ ಗರಿಷ್ಠ 21 ದಿನ, ಆದ್ದರಿಂದ 42 ದಿನ ಹೊಸ ಪ್ರಕರಣ ಇಲ್ಲದಿದ್ದರೆ ಮಾತ್ರ ಮುಗಿಯಿತು ಅಂತ ಘೋಷಿಸುತ್ತಾರೆ. ಆಮೇಲೂ ಕೆಲವು ತಿಂಗಳು ವಿಶೇಷ ನಿಗಾ ಇಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೇತರಿಸಿಕೊಂಡ ಗಂಡಸರ ವೀರ್ಯದಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು, ಅಲ್ಲಿಂದ ಹೊಸ ಸರಪಳಿ ಶುರುವಾಗಬಹುದು. ಹಾಗಾಗಿ ಆ ದಿನಗಳಲ್ಲಿ ಜ್ವರ ಬಂದವರ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುತ್ತಲೇ ಇರಬೇಕು, ಗುಣವಾದವರಿಗೆ ಪರೀಕ್ಷೆ ಮತ್ತು ಸಲಹೆ ಸಿಗುತ್ತಲೇ ಇರಬೇಕು.